ಸ್ಟ್ರೀಮಿಂಗ್ ಬಾಡಿಗೆ ಮನೆ, ಡಿಸ್ಕು ಸ್ವಂತ ಮನೆ!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅಭಿಮಾನಿ ಹುಡುಗರು ಈಚೆಗೆ ನನ್ನನ್ನು ತಡೆದು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ವೈಫೈ ಇರೋ ಬ್ಲೂ-ರೇ ಪ್ಲೇಯರ್‌ನಲ್ಲಿ ಡಿಸ್ಕೂ ಹಾಕಬಹುದು, ನೆಟ್ಟಿನ ಸಿನಿಮಾನೂ ನೋಡಬಹುದಂತೆ. ತಗೊಳ್ಳೋದಾ, ಬಿಡೋದಾ?"

ತಗೊಳ್ಳಿ. ಆದರೆ ಯಾವುದಕ್ಕೆ ದುಡ್ಡು ಸುರೀತಿದ್ದೀವಿ ಅಂತ ತಿಳಿದು ತಗೊಳ್ಳಿ!

ಮೊದಲು ವೈಫೈ. ಡಬ್ಬದ ಮೇಲೆ 'ಬಿಲ್ಟ್-ಇನ್ ವೈಫೈ' ಎಂದಿದ್ದರೆ ಅದು ಯಂತ್ರದೊಳಗೇ ಇದೆ. 'ವೈಫೈ ರೆಡಿ' ಎಂದಿದ್ದರೆ ಬೇರೆ ಡಾಂಗಲ್ ಕೊಂಡು ಸಿಕ್ಕಿಸಬೇಕು. ಮದುವೆಗೆ ರೆಡಿ ಅಂದಮಾತ್ರಕ್ಕೆ ಮದುವೆ ಆಗಿಹೋಯ್ತು ಅಂತ ಅರ್ಥವೇನ್ರೀ? ಇನ್ನು 5 ಗಿಗಾಹರ್ಟ್ಸ್ ವೈಫೈಗೆ ವೇಗ ಹೆಚ್ಚು, ಆದರೆ ದಪ್ಪ ಗೋಡೆ ಅಡ್ಡ ಬಂದರೆ ಸುಸ್ತು. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ನಮ್ಮ ಕಡೆಯ ಕಲ್ಲುಗೋಡೆ ಮನೆಯಾದರೆ ಲ್ಯಾನ್ ವೈರ್ ಎಳೆಯೋದೇ ವಾಸಿ.

ಚಿತ್ರದ ಸ್ಪಷ್ಟತೆಯಲ್ಲಿ ಮಾತ್ರ ಡಿಸ್ಕೇ ಹೀರೋ! ಎರಡು ಪದರದ ಬ್ಲೂ-ರೇ ಡಿಸ್ಕಿನಲ್ಲಿ 50 ಜಿಬಿ ಹಿಡಿಯುತ್ತದೆ. ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಚಿತ್ರ ಹರಿಯಬಹುದು. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳೋದು 5 ಮೆಗಾಬಿಟ್ ಲೈನು. ಹೊಗೆ, ಧೂಳು, ಕತ್ತಲಿನ ಶಾಟ್ ಬಂದಾಗ ಪರದೆ ಚೌಕಚೌಕವಾಗಿ ಒಡೆಯೋದು ಇದಕ್ಕೇ.

ಪ್ಲೇಯರ್ ಒಳಗಿನ ಆ್ಯಪ್‌ಗಳಿಗೆ ಆಯಸ್ಸೂ ಕಮ್ಮಿ. ಕೆಲವು ಹಳೇ ಸ್ಯಾಮ್‌ಸಂಗ್ ಟಿವಿಗಳಲ್ಲಿ 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ನಿಂತೇಹೋಯಿತು. ಪ್ಲೇಯರ್‌ಗಳ ಆ್ಯಪ್‌ಗಳಿಗೂ ಇದೇ ಹಣೆಬರಹ. ಆ್ಯಪ್ ಸತ್ತರೆ ಟಿವಿಗೆ ಒಂದು ಸ್ಟಿಕ್ ಸಿಕ್ಕಿಸಬಹುದು. ಡಿಸ್ಕ್ ಓದೋ ಭಾಗ ಕೆಟ್ಟರೆ? ಅದಕ್ಕೇ ಆ್ಯಪ್ ಎಣಿಸಬೇಡಿ, ಡ್ರೈವ್ ಗಟ್ಟಿಯಾಗಿದೆಯಾ ನೋಡಿ.

ನಾನು ಡಿಸ್ಕಿನ ಪರ ಯಾಕೆ ವಾದಿಸ್ತೀನಿ ಅಂದರೆ, ನಮ್ಮ ಬೆಟ್ಟಗಳೇ ಸಾಕ್ಷಿ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮನಗರದ ಬಂಡೆಗಳ ನಡುವೆ 'ಶೋಲೆ' ಶುರುಮಾಡಿದರು. ಅವರು ತೆಗೆದ ಅಂತ್ಯದಲ್ಲಿ ಠಾಕೂರನೇ ಗಬ್ಬರ್‌ನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ. 1975ರ ಆಗಸ್ಟ್ 15ಕ್ಕೆ ತೆರೆಗೆ ಬಂದಾಗ ಪೊಲೀಸರು ಗಬ್ಬರ್‌ನನ್ನು ಹಿಡಿದೊಯ್ದರು! ಮೂಲ ಅಂತ್ಯ ಸೇರಿಸಿ ಹೊಸದಾಗಿ ಶುದ್ಧಗೊಳಿಸಿದ ಪ್ರತಿಯನ್ನು 2025ರ ಜೂನ್‌ನಲ್ಲಿ ಇಟಲಿಯ ಬೊಲೋನಾ ಉತ್ಸವದಲ್ಲಿ ತೋರಿಸಿದರು. ರೀಲು ಯಾರ ಕೈಯಲ್ಲಿದೆಯೋ ಅವರು ತೋರಿಸಿದ್ದೇ ಕಥೆ! ಆನ್‌ಲೈನ್‌ನಲ್ಲೂ ಅಷ್ಟೇ. ಇವತ್ತು ಇದ್ದ ಚಿತ್ರ ಒಪ್ಪಂದ ಮುಗಿದರೆ ನಾಳೆ ಮಾಯ. ನಿಮ್ಮ ಬೀರುವಿನ ಡಿಸ್ಕಿಗೆ ಯಾರೂ ಕೈಹಾಕೋಲ್ಲ.

ಮಾಗಡಿಯ ಸಾವನದುರ್ಗವೂ ಕಮ್ಮಿಯಿಲ್ಲ. ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಅಲ್ಲೂ ಚಿತ್ರೀಕರಿಸಿದರು; ಅದು 2 ಆಸ್ಕರ್ ಗೆದ್ದಿತು. ಹೊರದೇಶದಲ್ಲಿ ಅದರ ಬ್ಲೂ-ರೇ ಬಂದಿದೆ. ಆದರೆ ಇಂಥದ್ದನ್ನು ತರಿಸುವ ಮುಂಚೆ ರೀಜನ್ ನೋಡಿ: ಅಮೆರಿಕ, ಜಪಾನಿಗೆ ಎ, ಯೂರೋಪಿಗೆ ಬಿ, ನಮಗೆ ಸಿ. ಡಿಸ್ಕಿನ ಅಕ್ಷರ ಪ್ಲೇಯರ್‌ಗೆ ಕೂಡಿಬರದಿದ್ದರೆ ಅದು ಬರೀ ಹೊಳೆಯೋ ತಟ್ಟೆ! 4ಕೆ ಡಿಸ್ಕಿಗೆ ರೀಜನ್ ಕಾಟವಿಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರ್ರೇ ಬೇಕು.

ಹಾಗಾಗಿ ಗೆಳೆಯರೇ, ಅಂಗಡಿಯಲ್ಲಿ ಮೂರೇ ಪ್ರಶ್ನೆ ಕೇಳಿ: ವೈಫೈ ಒಳಗಿದೆಯಾ? ರೀಜನ್ ಯಾವುದು? ರಿಪೇರಿ ಎಲ್ಲಿ? ಮೂರಕ್ಕೂ ನೇರ ಉತ್ತರ ಬರಲಿಲ್ಲವೋ, ಜೇಬಿನಿಂದ ಕೈ ತೆಗೀಬೇಡಿ!