ಮನಿ ಅಂದ್ರ ತಪ್ಪೇನ್ರಿ?

ಡಬ್ಲಿನ್ನಿನಾಗ ಇರೋ ಮೊಮ್ಮಗಳು ಮೊನ್ನೆ ವಿಡಿಯೋ ಕಾಲ್‌ನಾಗ ತನ್ನ ಸಾಲಿ ನೋಟ್‌ಬುಕ್ ತೋರಿಸಿದ್ಲು. ಅಲ್ಲೆ ಸಣ್ಣ ಹುಡುಗ್ರಿಗೆ ಸಾಲ್ಯಾಗ ಐರಿಶ್ ಕಲಿಸ್ತಾರ. ಮನಿ ಚಿತ್ರದ ಕೆಳಗ ಇಂಗ್ಲಿಷಿನ 'ಟೀಚ್' ಅಂತ ಬರದಿತ್ತು. "ಪಾಠ ಹೇಳೂದಕ್ಕ ಮನಿ ಚಿತ್ರ ಯಾಕವಾ?" ಅಂದೆ. "ಅಜ್ಜೀ, ಅದು ಟೀಚ್ ಅಲ್ಲ, ತ್ಯಾಖ್. ಮನಿ ಅಂತ!" ಅಂತ ನಕ್ಕಳು.

ಆ ಶಬ್ದ ತಲ್ಯಾಗ ಕುಂತುಬಿಡ್ತು. ಹುಡುಕಿ ಓದಿದೆ. ಅದರ ಮೂಲ ಬೇರಿನ ಅರ್ಥ 'ಮುಚ್ಚೂದು' ಅಂತ. ತಲಿ ಮ್ಯಾಲೆ ಚಾವಣಿ ಇದ್ರನ ಮನಿ, ಅಲ್ಲೇನ್ರಿ? ಹುಲ್ಲು ಹೊದಿಸೂದಕ್ಕ ಇಂಗ್ಲಿಷಿನಾಗ ಥ್ಯಾಚ್ ಅಂತಾರಲ್ಲ, ಅದೂ ಅದೇ ಬೇರಿಂದು. ಸಂಸ್ಕೃತದ ಸ್ಥಗ್ ಧಾತುನೂ ಅದರ ಬಳಗನ. ಪೇಪರಿನಾಗ ಬರೋ 'ಕಾಮಗಾರಿ ಸ್ಥಗಿತ' ಅದರಿಂದನ ಬಂದದ್ದು. ನಮ್ಮ ಮ್ಯಾಲಿನ ಖೋಲಿದೂ ನಾಕು ತಿಂಗಳಿಂದ ಸ್ಥಗಿತ ಆಗ್ಯದ, ಚಾವಣಿ ಮಾತ್ರ ಇಲ್ಲ!

ವ್ಯಾಕರಣ ಇನ್ನೂ ಮಜಾ. ನಮ್ಮ ಪ್ರತ್ಯಯ ಶಬ್ದದ ಬಾಲಕ್ಕ ಹತ್ತತಾವ, ಅವರಲ್ಲೆ ಶಬ್ದದ ಮಾರಿನೂ ಬದಲಾಗ್ತದ. 'ನನ್ನ ಮನಿ' ಅಂದ್ರ ಮೊ ಹ್ಯಾಖ್. 'ನಮ್ಮ ಮನಿ' ಅಂದ್ರ ಆರ್ ದ್ಯಾಖ್. ಬೆಟ್ಟ, ತಾವರೆ ಕೂಡಿ ಬೆಟ್ಟದಾವರೆ ಆದಂಗ. 'ಮನಿಯ' ಅನ್ನಲಿಕ್ಕೆ ತೀ. 'ಬ್ಯಾನ್ ಅನ್ ತೀ' ಅಂದ್ರ ಮನಿಯಾಕಿ. ಬ್ಯಾಸಿಗಿ ರಜಾದಾಗ ಐರಿಶ್ ಕಲೀಲಿಕ್ಕೆ ಬಂದ ಹುಡುಗ್ರನ್ನ ಮನ್ಯಾಗ ಇಟಗೊಂಡು ಊಟಕ್ಕ ಹಾಕೋ ಹೆಣಮಗಳಿಗೂ ಇದೇ ಹೆಸರು. ನಮ್ಮ ಫಾರ್ಮಿನಾಗಿನ 'ಉದ್ಯೋಗ: ಇಲ್ಲ' ಅನ್ನೂದಕ್ಕಿಂತ ಎಷ್ಟೋ ಛಲೋ ಬಿಡ್ರಿ.

ಆದ್ರ ನನ್ನ ಮನಸಿಗೆ ನಾಟಿದ್ದು ಬ್ಯಾರೆನ ಅದ. ದಕ್ಷಿಣದ ಮನ್‌ಸ್ಟರ್ ಪ್ರಾಂತದ ಮಂದಿ ತ್ಯಾಖ್ ಅನ್ನೂದಿಲ್ಲ, 'ತಿಗ್' ಅಂತಾರ. ಅದೇನು ಹಾಳಾದ ಮಾತಲ್ಲ, ಅದೇ ಶಬ್ದದ ಹಳೇ ವಿಭಕ್ತಿ ರೂಪ. 1958ರಾಗ ಸರ್ಕಾರ ಬರವಣಿಗಿಗೆ ಒಂದು ಪ್ರಮಾಣ ರೂಪ ಗೊತ್ತು ಮಾಡ್ತು, ಪುಸ್ತಕದಾಗ ತ್ಯಾಖ್ ಕುಂತ್ತು. ಮನ್‌ಸ್ಟರಿನವರ ಬಾಯಾಗ ತಿಗ್ ಹಂಗ ಉಳೀತು.

ನಾ ಮೂರನೇತ್ತಾ ಇದ್ದಾಗ 'ಮನಿಗೆ ಹೋದೆ' ಅಂತ ಬರದೆ ಅಂತ ಕೆಂಪು ಗೆರಿ ಎಳದು, ಹತ್ತು ಸಲ 'ಮನೆ' ಬರಿಸಿದ್ರು. ಅವತ್ತಿಂದ ಭಾಳ ವರ್ಷ ಮೈಸೂರು ಕಡೆಯವರ ಮುಂದ ಬಾಯಿ ತಗೀಲಿಕ್ಕೇ ನಾಚತಿದ್ದೆ. ಪುಸ್ತಕಕ್ಕ ಒಂದು ರೂಪ ಬೇಕು, ಬ್ಯಾಡ ಅನ್ನೂದಿಲ್ಲ. ಪರೀಕ್ಷಾದಾಗ ಮನೆ ಅಂತನ ಬರೀಲಿ. ಆದ್ರ 'ತಪ್ಪು' ಅಂತ ಯಾಕ ಹೇಳಬೇಕು? 'ಬರಿಯೂವಾಗ ಹಿಂಗ ಬರಿ' ಅಂದ್ರ ಸಾಕಲ್ಲ.

ಇದನ್ನೆಲ್ಲ ಬರಿಯೂದಕ್ಕ ಕಾರಣನೂ ಹೇಳಿಬಿಡ್ತೀನಿ. ರವಿವಾರಕ್ಕೊಮ್ಮೆ ಮಗಳು ಆ ಕೂಸಿಗೆ ಕನ್ನಡ ಕಲಿಸ್ತಾಳ. ಹೋದ ವಾರ ಫೋನಿನಾಗ ನನ್ನ ಮುಂದನ "ಮನಿ ಅನಬಾರದು ಪುಟ್ಟೀ, ಮನೆ ಅನಬೇಕು" ಅಂದ್ಲು. ಕೂಸು ನನ್ನ ಮಾರಿ ನೋಡ್ತು. ಆಮ್ಯಾಲೆ ಮಗಳಿಗೆ ಛಂದಂಗ ಬೈದೆ. "ಆತವಾ, ಇನ್ನ ಅನ್ನೂದಿಲ್ಲ" ಅಂದಾಳ. ನೋಡೂಣು.