ರೆಫರಿ ತಪ್ಪಿದ್ರೆ ಶಿಕ್ಷೆ ಯಾರಿಗೆ?

ತಂಡ ಸೋತ ಕೂಡಲೇ ‘ರೆಫರಿಯನ್ನ ಮನೆಗೆ ಕಳಿಸಿ’ ಅಂತ ಬರೆಯೋ ಫುಟ್‌ಬಾಲ್ ಗೆಳೆಯರ ಜೊತೆ ನನ್ನದೊಂದು ತಕರಾರಿದೆ.

2023ರ ಸೆಪ್ಟೆಂಬರ್ 30, ಇಂಗ್ಲೆಂಡಿನಲ್ಲಿ ಟಾಟನ್‌ಹ್ಯಾಮ್–ಲಿವರ್‌ಪೂಲ್ ಪಂದ್ಯ. ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಹೊಡೆದದ್ದು ಸರಿಯಾದ ಗೋಲು. ಮೈದಾನದಲ್ಲಿ ಆಫ್‌ಸೈಡ್ ಅಂದ್ರು. ವಿಡಿಯೊ ನೋಡ್ತಿದ್ದ ರೆಫರಿ, ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದ್ಕೊಂಡು ‘ಚೆಕ್ ಕಂಪ್ಲೀಟ್’ ಅಂದುಬಿಟ್ರು. ಗೋಲು ಹೋಯ್ತು, ಲಿವರ್‌ಪೂಲ್ 2–1ರಿಂದ ಸೋತಿತು. ಆ ರೆಫರಿಯನ್ನ ಮರುದಿನದ ಪಂದ್ಯದಿಂದ ಕೈಬಿಟ್ರು. ಅದರಿಂದ ಯಾರಿಗೇನು ಸಿಕ್ತು? ಉಪಯೋಗಕ್ಕೆ ಬಂದದ್ದು ಆಮೇಲೆ ಹೊರಬಿಟ್ಟ ಆಡಿಯೊ. ಯಾವ ಮಾತಲ್ಲಿ ಎಡವಟ್ಟಾಯ್ತು ಅಂತ ಎಲ್ಲರೂ ಕೇಳಿಸ್ಕೊಂಡ್ರು.

ಲಂಚ, ಪಕ್ಷಪಾತ ಸಾಬೀತಾದ್ರೆ ಆಜೀವ ನಿಷೇಧ ಹಾಕಿ, ನನ್ನದೇನೂ ಅಡ್ಡಿಯಿಲ್ಲ. ಕಣ್ತಪ್ಪಿಗೂ ಶಿಕ್ಷೆ ಅಂದಾಗ ಮಾತ್ರ ನನಗೆ ಭಯ. ಪ್ರೀಮಿಯರ್ ಲೀಗಿನ ಮೊದಲ ಕಪ್ಪು ರೆಫರಿ ಯುರಾಯ ರೆನಿ 1997ರಲ್ಲಿ ಬಂದ್ರು, 2008ರವರೆಗೆ ಇದ್ರು. ಇನ್ನೊಬ್ಬ ಕಪ್ಪು ರೆಫರಿ, ಸ್ಯಾಮ್ ಆಲಿಸನ್, ಅಲ್ಲಿಗೆ ಬರೋಕೆ 2023ರ ಡಿಸೆಂಬರ್ ಆಗಬೇಕಾಯ್ತು! ಅಂಥಾ ಕಡೆ ಅವರೊಬ್ಬರು ತಪ್ಪಿದ್ರೆ ಅದು ಒಬ್ಬರ ತಪ್ಪಾಗಿ ಉಳಿಯುತ್ತಾ? ನಮಗೆ ಗೊತ್ತಿಲ್ಲದ್ದೇನಲ್ಲ ಬಿಡಿ. ಮೇಲ್ಜಾತಿ ಅಧಿಕಾರಿ ಎಡವಿದ್ರೆ ‘ಮನುಷ್ಯ ಸಹಜ’, ನಮ್ಮವರು ಎಡವಿದ್ರೆ ‘ರಿಸರ್ವೇಶನ್‌ನಲ್ಲಿ ಬಂದವನು, ಇನ್ನೇನಾಗುತ್ತೆ’.

ಹಾಗಾಗಿ ಶಿಕ್ಷೆಗಿಂತ ಮೊದಲು ಪ್ರತಿ ಪಂದ್ಯದ ಆಡಿಯೊ ಹೊರಗೆ ಬರಲಿ. ಯಾರಿಗೆ ಎಷ್ಟು ಅಂಕ, ಯಾಕೆ ಬಡ್ತಿ, ಯಾಕೆ ಹಿಂಬಡ್ತಿ ಅನ್ನೋದು ಗೊತ್ತಾಗಲಿ. ಆ ಅಂಕ ಹಾಕೋ ಕುರ್ಚಿಗಳಲ್ಲಿ ಯಾರ್ಯಾರು ಕೂತಿದ್ದಾರೆ ಅನ್ನೋದೂ.

ಜೈ ಭೀಮ್.