ಹೇಳಿಕೆ ಹೊತ್ತಿಗೆ ಮುಟ್ಟಬೇಕು

ಮದುವೆಯಿರಲಿ, ಉಪನಯನವಿರಲಿ, ಭೂತದ ಕೋಲವಿರಲಿ, ಹೇಳಿಕೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ನೆಂಟರಿಷ್ಟರಲ್ಲಿ ಮನಸ್ತಾಪ ತಪ್ಪದೆಂಬುದನ್ನು ನಮ್ಮ ಕಾಸರಗೋಡು ಸೀಮೆಯ ಗೃಹಸ್ಥರೆಲ್ಲರೂ ಬಲ್ಲರು. ಆದುದರಿಂದಲೇ ತಿಂಗಳ ಮುಂಚೆ ಪಟ್ಟಿ ಬರೆದು, ಯಾರ ಮನೆಗೆ ಯಾರು ಹೋಗಬೇಕೆಂದು ಗೊತ್ತುಮಾಡುತ್ತಾರೆ. ಮನೆಗೆ ಸಲ್ಲುವ ಈ ವಿವೇಕವು ಸಾರ್ವಜನಿಕ ಸಂಸ್ಥೆಗಳಿಗೂ ಸಲ್ಲಬೇಡವೆ? ಈ ಸಲ ಕ್ರೈಸ್ತ ಸಭೆಗಳ ಪ್ರಕಟಣೆಗಳನ್ನು ಕುರಿತು ಎರಡು ಮಾತು.

ಶನಿವಾರ ರಾತ್ರಿ ಬರೆದು ಭಾನುವಾರ ಬೆಳಿಗ್ಗೆ ಓದಿಬಿಡುವ ಪ್ರಕಟಣೆ ದೇವಾಲಯದೊಳಗೆ ಕುಳಿತವರಿಗೆ ಮಾತ್ರ ಕೇಳಿಸುತ್ತದೆ. ಕಾಯಿಲೆಯಿಂದ ಮನೆಯಲ್ಲಿರುವವರಿಗೆ, ಉದ್ಯೋಗನಿಮಿತ್ತ ಪರಊರಿನಲ್ಲಿರುವವರಿಗೆ ಅದು ಮುಟ್ಟುವಾಗ ಕಾರ್ಯ ಮುಗಿದಿರುತ್ತದೆ. ಸೋಜಿಗವೆಂದರೆ, ಕ್ರೈಸ್ತ ಸಭೆಯ ವರ್ಷವು ಬಹುಪಾಲು ಮುಂದಾಗಿಯೇ ಗೊತ್ತಿರುವಂಥದು. ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಸ್ಥಿರವಾಗಿದೆ. ಅದಕ್ಕೆ ಹಿಂದಿನ ನಾಲ್ಕು ಭಾನುವಾರಗಳು ಆಗಮನ ಕಾಲಕ್ಕೆ ಸೇರಿದವು. ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ, ಸಭೆಯ ಲೆಕ್ಕದ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಅದು ಮಾರ್ಚ್ 22ಕ್ಕೆ ಮೊದಲಾಗಲಿ ಏಪ್ರಿಲ್ 25ರ ಅನಂತರವಾಗಲಿ ಬಾರದು. 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಅದರಿಂದ 46 ದಿನ ಹಿಂದಕ್ಕೆಣಿಸಿದರೆ ಬೂದಿ ಬುಧವಾರ ಸಿಕ್ಕುತ್ತದೆ. 2027ಕ್ಕೆ ಅದು ಫೆಬ್ರವರಿ 10. ಹೀಗಿರುವಾಗ ಕೊನೆಯ ವಾರದ ಗಡಿಬಿಡಿಗೆ ಕಾರಣವೇನು?

ಹಬ್ಬದ ದಿನದಿಂದ ಹಿಂದಕ್ಕೆಣಿಸುವುದೇ ಯೋಜನೆಯ ಮರ್ಮ. ಮುಂಬಯಿಯಲ್ಲಿರುವ ಮಗನು ಶುಭ ಶುಕ್ರವಾರಕ್ಕೆ ಊರು ಸೇರಬೇಕಾದರೆ ರೈಲಿನಲ್ಲಿ ಸ್ಥಳ ಕಾದಿರಿಸಬೇಕು. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟಿನ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಆದಕಾರಣ ಆರಾಧನೆಯ ವೇಳಾಪಟ್ಟಿ ಎರಡು ತಿಂಗಳ ಮೊದಲೇ ಮನೆಗಳಿಗೆ ಮುಟ್ಟುವುದು ಲೇಸು. ಗಾಯನ ಮಂಡಳಿಗೆ ಆರು ವಾರಗಳಾದರೂ ಬೇಕು; ಪರಊರಿನ ಬೋಧಕರನ್ನು ಕರೆಯುವುದಿದ್ದರೆ ಇನ್ನೂ ಮೊದಲು. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುವ ಪದ್ಧತಿಯುಳ್ಳ ಸಭೆಗಳಲ್ಲಿ ಎರಡು ಮನೆಯವರೂ ಸಭಾಪಾಲಕರನ್ನು ಕಂಡ ಬಳಿಕವೇ ಛತ್ರ ಗೊತ್ತುಮಾಡುವುದು ಜಾಣತನ.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ಕಷ್ಟವುಂಟು. ಇಲ್ಲಿ ಒಂದೇ ಸಭೆಯೊಳಗೆ ಕನ್ನಡ, ತುಳು, ಕೊಂಕಣಿ, ಮಲಯಾಳಗಳನ್ನಾಡುವವರು ಕೂಡಿರುವುದುಂಟು. ಎರಡು ಭಾಷೆಗಳಲ್ಲಿ ಬರೆಯುವುದಕ್ಕೆ ಇಮ್ಮಡಿ ಸಮಯ ಬೇಕು. ಆ ಸಮಯವಿಲ್ಲದಾಗ ಮೊದಲು ಬಿಟ್ಟುಹೋಗುವುದು ಕನ್ನಡದ ಪ್ರತಿ. ಯಾರಿಗೂ ದ್ವೇಷವಿಲ್ಲ, ಕೇವಲ ಅವಸರ. ಆದರೆ ಕನ್ನಡವನ್ನು ಮಾತ್ರ ಓದಬಲ್ಲ ಅಜ್ಜಿಗೆ ಆ ಅವಸರದ ಫಲವೆಂದರೆ, ತನ್ನ ಸಭೆಯಲ್ಲಿಯೇ ಪರಕೀಯಳಾಗುವುದು. ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಜನರ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಕಲ್ಲಚ್ಚಿನ ಕಾಲದಲ್ಲಿ ಸಾಧ್ಯವಾದದ್ದು ಮೊಬೈಲಿನ ಕಾಲದಲ್ಲಿ ಅಸಾಧ್ಯವಾಗಬಾರದು.

ಮಾಡಬೇಕಾದುದು ಹೆಚ್ಚೇನಿಲ್ಲ. ವರ್ಷಾರಂಭದಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ದಿನ, ಕಾರ್ಯ, ಬರೆಯುವವರು, ಭಾಷಾಂತರಿಸುವವರು, ಮನೆಗೆ ಮುಟ್ಟಿಸುವವರು ಎಂದು ಐದು ಅಂಕಣಗಳನ್ನು ಎಳೆದು ತುಂಬಿಸಿ, ದೇವಾಲಯದ ಬಾಗಿಲ ಬಳಿ ತೂಗುಹಾಕಿದರಾಯಿತು. ವಾಟ್ಸಾಪಿನಲ್ಲಿ ಕಳುಹಿದೊಡನೆ ಎಲ್ಲರಿಗೂ ತಿಳಿಯಿತೆಂದು ಭಾವಿಸಕೂಡದು. ಫೋನಿಲ್ಲದ ಮನೆಗಳ ಪಟ್ಟಿ ಬೇರೆಯೇ ಇರಲಿ, ಆ ಕೆಲಸ ತರುಣರಿಗೆ ಸೇರಲಿ.

ಮರಣಕ್ಕೆ ಮಾತ್ರ ಪಂಚಾಂಗವಿಲ್ಲ. ಆದರೂ ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿದ್ದರೆ, ಕೊನೆಯ ಹಿಡಿಮಣ್ಣು ಹಾಕುವ ಭಾಗ್ಯ ಯಾವ ಆಪ್ತನಿಗೂ ತಪ್ಪದು. ಮುಂದಾಲೋಚನೆಯೆಂಬುದು ಕಚೇರಿಯ ಶಿಸ್ತು ಮಾತ್ರವಲ್ಲ, ನೆರೆಯವರನ್ನು ನೆನೆಯುವ ಒಂದು ಬಗೆ.